ದಾರ ಕಟ್ಟಿದ ಹೂವು

ಕುಡುಗೋಲು ಹಿಡಿದು ಹೂವಿನ ಮಡಿಗೆ ಇಳಿದ ಬಾಲಪ್ಪನ ಮುಂಗೈಯನ್ನು ಹೆಂಡತಿ ಯಮನಮ್ಮ ಗಟ್ಟಿಯಾಗಿ ಹಿಡಿದುಕೊಂಡಳು.

"ಇವನ್ನ ಮುಟ್ಟಬ್ಯಾಡ. ಬೀಜಕ್ಕ ಬಿಟ್ಟಾವು."

"ಹುಚ್ಚಿ, ಊರಾಗಿನ ಹೆಣಕ್ಕೆಲ್ಲ ಹೂ ಕೊಟ್ಟಾಕಿ ನಮ್ಮವ್ವ. ಆಕಿ ಮೈಮ್ಯಾಲ ಒಂದು ಹೂ ಬ್ಯಾಡೇನು?"

ಬಾಲಪ್ಪನ ತಾಯಿ ಗದ್ದೆಮ್ಮ ಅಂದು ನಸುಕಿನಲ್ಲಿ ತೀರಿಕೊಂಡಿದ್ದಳು. ಮಾಘ ಮುಗಿಯುತ್ತ ಬಂದಿತ್ತು, ಹೂವಿನ ಕಾಲವೂ ಮುಗಿದಿತ್ತು. ಹತ್ತು ಗುಂಟೆಯಲ್ಲಿ ಉಳಿದದ್ದು ಕೆಂಪು ದಾರ ಕಟ್ಟಿದ ಇಪ್ಪತ್ತು ಚೆಂಡು ಹೂವು ಮಾತ್ರ. ಬೀಜಕ್ಕೆಂದು ಆರಿಸಿ ದಾರ ಕಟ್ಟಿದ ಹೂವನ್ನು ಗದ್ದೆಮ್ಮ ಹನುಮಪ್ಪನ ಗುಡಿಗೂ ಕೊಡುತ್ತಿರಲಿಲ್ಲ. "ಆತಗೇನು ಅವಸರ ಐತಿ? ಬರೋ ವರ್ಷ ತಗೋತಾನ" ಎನ್ನುತ್ತಿದ್ದಳು.

ಕಾಲುವೆ ನೀರು ಬಂದ ಮೇಲೆ ಗೊರೇಬಾಳದಲ್ಲಿ ಎಲ್ಲರೂ ನೆಲ್ಲಿಗೆ ಬಿದ್ದರೂ ಅವಳೊಬ್ಬಳು ಹೂವು ಬಿಡಲಿಲ್ಲ. ಹೆಸರಿಗೆ ಗದ್ದೆಮ್ಮ, ಗದ್ದಿ ಅಂದ್ರ ಮಾತ್ರ ಒಲ್ಲೆ ಎಂದು ಊರೇ ನಗುತ್ತಿತ್ತು. ನಕ್ಕವರೇ ಮದುವೆ ಬಂದಾಗ ಬುಟ್ಟಿ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು.

"ಬರೋ ವರ್ಷ ಇಲ್ಲಿ ನೆಲ್ಲು ಹಚ್ಚೋದೈತಿ" ಎಂದ ಬಾಲಪ್ಪ. "ಬೀಜ ಯಾರಿಗೆ ಬೇಕು?"

"ನನಗ ಬೇಕು."

ಬಾಲಪ್ಪ ಕುಡುಗೋಲು ಬಿಸಾಕಿ ಮನೆಗೆ ನಡೆದ; ಯಮನಮ್ಮ ಹಿಂದೆಯೇ ಹೋದಳು. ಅಲ್ಲಿ ಊರ ಹಿರಿಯ ದೊಡ್ಡಬಸಪ್ಪ ವಿಷಯ ಕೇಳಿ ಕೆಂಡವಾದರು.

"ನಿನ್ನ ಕೂಸು ಹೋದಾಗ ದಾರ ಕಟ್ಟಿದ್ದನ್ನೆಲ್ಲ ಕೊಯ್ದು ತಂದಾಕಿ ಯಾರವ್ವಾ? ಈಗ ಆಕಿಗೆ ಒಂದು ಹೂ ಹಾಕಾಕ ನಿನಗ ಮನಸು ಬರವಲ್ದೇನು?"

ಸುಳ್ಳಲ್ಲದ ಮಾತು.

*

ಕೂಸಿಗೆ ಆಗ ಮೂರು ತಿಂಗಳು. ಅದು ಹೋದದ್ದೂ ಮಾಘದಲ್ಲೇ. ಗದ್ದೆಮ್ಮ ಉಡಿ ತುಂಬ ಹೂವು ತಂದು, ಮುಖವೊಂದನ್ನು ಬಿಟ್ಟು ಮೈಯೆಲ್ಲ ಮುಚ್ಚಿದ್ದಳು. ತೊಟ್ಟುಗಳಲ್ಲಿ ಕೆಂಪು ದಾರ ಹಾಗೇ ಇತ್ತು.

"ಅತ್ತಿ, ಬೀಜ?" ಎಂದಿದ್ದಳು ಯಮನಮ್ಮ.

"ಬೀಜದ ಚಿಂತಿ ನನಗಿರಲಿ. ನೀ ಅಳು."

ಆಮೇಲೆ ಗದ್ದೆಮ್ಮ ಮಸ್ಕಿಗೆ ಹೋಗಿ, ಗೆಳತಿ ಮೆಹಬೂಬ್‌ಬೀಯಿಂದ ಒಂದು ಹಿಡಿ ಬೀಜ ತಂದಳು. ಅದರಲ್ಲಿ ಬಂದದ್ದು ಒಂದೇ ಸುತ್ತು ಎಸಳಿನ ಬಡಕಲು ಹೂವು. ಗದ್ದೆಮ್ಮ ಬೈದಳು, ಕಿತ್ತಳು, ಇದ್ದುದರಲ್ಲಿ ನಾಲ್ಕನ್ನು ಆರಿಸಿ ದಾರ ಕಟ್ಟಿದಳು. ಮರುವರ್ಷವೂ ಅದೇ ಕೆಲಸ. ಹೀಗೆ ಆರು ವರ್ಷ ಕಳೆದ ಮೇಲೆ, ಈ ಸಲ, ಮೊದಲಿನಂಥ ತುಂಬು ಚೆಂಡು ಬಿಟ್ಟವು.

ಅಷ್ಟರಲ್ಲಿ ಅವಳ ಕಣ್ಣು ಮಂಜಾಗಿತ್ತು. ಸೊಸೆಯ ಕೈಗೆ ದಾರ ಕೊಟ್ಟು "ನೀ ಆರಿಸು" ಎಂದಳು. ಯಮನಮ್ಮ ಆರಿಸಿದ್ದನ್ನೆಲ್ಲ ಅತ್ತೆ ಬೆರಳಲ್ಲಿ ಒತ್ತಿ ನೋಡಿ ಅರ್ಧದಷ್ಟನ್ನು ತಳ್ಳಿಹಾಕಿದಳು.

"ಮುಖ ಚೆಂದ ಐತಿ, ಬುಡ ಪೊಳ್ಳು. ಬುಡ ನೋಡಬೇಕವ್ವಾ."

*

"ಅವತ್ತು ಕೊಯ್ದದ್ದು ಮತ್ತ ಬರಾಕ ಆರು ವರ್ಷ ಹಿಡೀತ್ರಿ" ಎಂದಳು ಯಮನಮ್ಮ ಕೊನೆಗೆ. "ಆಗ ಅತ್ತಿ ಇದ್ಲು. ಈಗ ಯಾರದಾರ? ಹಾಕಬೇಕಂತ ನನಗೂ ಜೀವ ಬಡ್ಕೊಳ್ಳಾಕತ್ತೈತಿ." ಹಾಗೆನ್ನುತ್ತಲೇ ಅತ್ತುಬಿಟ್ಟಳು.

ಮಸ್ಕಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಮೆಹಬೂಬ್‌ಬೀ ಹೆಣದ ಪಕ್ಕದಿಂದಲೇ ಹೇಳಿದಳು: "ನನ್ನ ಹತ್ರ ಅಂಥಾ ಬೀಜ ಇಲ್ರೀ. ಯಾರ ಹತ್ರಾನೂ ಇಲ್ಲ."

ಬಾಲಪ್ಪ ಹೂವಿನ ಮಾತು ಬಿಟ್ಟು ಚಟ್ಟ ಕಟ್ಟುವವರ ಕಡೆ ನಡೆದ.

ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡು, ಹೂವಿಲ್ಲದೆಯೇ ಗದ್ದೆಮ್ಮ ಮನೆ ಬಿಟ್ಟಳು. ಹೆಂಗಸರು ಬಾಯಿಗೆ ಸೆರಗು ಹಚ್ಚಿ ಗೊಣಗಿದರು. ಯಮನಮ್ಮನಿಗೆ ಕೇಳಿಸಿತು.

ಮಣ್ಣು ಕೊಡುವ ಜಾಗಕ್ಕೆ ನೇರ ಹಾದಿ ಹೂವಿನ ಮಡಿಯ ಮೇಲೆಯೇ. ಚಟ್ಟಕ್ಕೆ ಮುಂದೆ ಹೆಗಲು ಕೊಟ್ಟಿದ್ದ ಬಾಲಪ್ಪ ಅಲ್ಲಿ ಬಂದು ನಿಂತುಬಿಟ್ಟ.

"ನಡಿಯಪ್ಪಾ, ಹೊತ್ತಾಗಾಕತ್ತೈತಿ" ಎಂದರು ದೊಡ್ಡಬಸಪ್ಪ.

"ಬದುವಿನ ಮ್ಯಾಲೆ ತಿರುಗ್ರಿ."

"ಬದು ಒಬ್ಬರಿಗಷ್ಟ ಐತಿ. ಇಬ್ಬಿಬ್ಬರು ಹೆಂಗ ಹೋಗ್ತೀರಿ?"

ಜೊತೆ ಹೆಗಲು ಕೊಟ್ಟವನನ್ನು ಬದುವಿನ ಮೇಲೆ ಬಿಟ್ಟು ಬಾಲಪ್ಪ ಆಚೆ ಪಕ್ಕದವರ ನಾಟಿ ಗದ್ದೆಗೆ ಇಳಿದ. ಮೊಣಕಾಲತನಕ ಕೆಸರು. ಅವನು ಕುಸಿದೊಡನೆ ಚಟ್ಟ ಅತ್ತ ವಾಲಿತು. ಬಾಲಪ್ಪ ಗಳವನ್ನು ಹೆಗಲಿನಿಂದ ಎತ್ತಿ, ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದು, ಅವ್ವನನ್ನು ಸಮ ಮಾಡಿಕೊಂಡು ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಹೂವಿನ ಮಡಿಯನ್ನು ಬಳಸಿ ನಡೆದ.