ಪಾಲಪ್ಪ ಬಿಟ್ಟುಕೊಟ್ಟ ಲಾರಿ

ಚಟ್ಟದ ಬಿದಿರಿಗೆ ಹಗ್ಗ ಸುತ್ತಿ ಅಂಜಿನಯ್ಯ ಇನ್ನೇನು ಗಂಟು ಬಿಗಿಯಬೇಕು, ಯಾರೋ ಅವನ ಕೈಯಿಂದ ಹಗ್ಗ ತೆಗೆದುಕೊಂಡರು.

“ನೀವ್ ಬ್ಯಾಡ್ರಿ ಸಾವ್ಕಾರ್ರ. ನಾವೆಲ್ಲ ಅದೀವಲ್ಲ.”

ಹಾಗೆಂದವನು ಮುದುಕಪ್ಪ. ಓಣಿಗೇ ಹಿರಿಯ, ಹೊಸಪೇಟೆಯ ಗಂಜ್ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಚೀಲ ಹೊತ್ತವನು. ಒಂದು ಕಾಲಕ್ಕೆ ‘ಲೇ ಅಂಜಿನಿ’ ಎಂದು ಕೂಗಿ ಬೀಡಿ ತರಲು ಅಟ್ಟುತ್ತಿದ್ದ ಬಾಯಿ ಅದು.

“ಇಲ್ಲ ಕಾಕಾ, ಲೋಡಿಗೆ ಹಗ್ಗ ಕಟ್ಟೋದು ಪಾಲಣ್ಣನಾ ನನಗ ಕಲಿಸಿದ್ದು...”

“ಗೊತ್ತೈತ್ರಿ. ನೀವು ಬಂದ್ರಲ್ಲ, ಅದಾ ದೊಡ್ಡದು. ಅಂಗಿ ಹೊಲಸಾಕ್ಕೈತಿ, ಕುಂದ್ರಿ.”

ಬೇವಿನ ಗಿಡದ ಬುಡಕ್ಕೆ ಪ್ಲಾಸ್ಟಿಕ್ ಕುರ್ಚಿ ಬಂತು. ಅಂಗಳದಲ್ಲಿ ನೆರೆದ ಅಷ್ಟು ಜನಕ್ಕೆ ಇದ್ದದ್ದು ಅದೊಂದೇ. ಅಂಜಿನಯ್ಯ ಕೂತ. ಕೂತದ್ದೇ ತಡ, ಪಕ್ಕದಲ್ಲಿ ಕುಕ್ಕರುಗಾಲಲ್ಲಿದ್ದ ಇಬ್ಬರು ಬೀಡಿ ಆರಿಸಿ, ಎದ್ದು ಅತ್ತ ಸರಿದರು. ಅವರ ಮಾತೂ ಅವರ ಜೊತೆ ಎದ್ದು ಹೋಯಿತು.

ಎದುರಿಗೆ ತಗಡಿನ ಮನೆ. ಮನೆಯ ಮುಂದೆ, ಸಂಡೂರು ರಸ್ತೆಗೆ ಮುಖ ಮಾಡಿ ಪಂಚರ್ ಅಂಗಡಿ. ತಗಡು, ಟೈರು, ಬೇವಿನೆಲೆ ಎಲ್ಲದರ ಮೇಲೂ ಅದಿರಿನ ಕೆಂಪು ಧೂಳು. ಗೋಡೆಗೆ ಒರಗಿಸಿ ಕೂಡಿಸಿದ್ದ ಪಾಲಪ್ಪನ ಹಣೆಯ ವಿಭೂತಿಯ ಮೇಲೂ ಅದೇ ಬಣ್ಣ ತೆಳ್ಳಗೆ ಕೂತಿತ್ತು. ಎರಡು ವರ್ಷ ಕೆಮ್ಮಿ ಕೆಮ್ಮಿ ಅವನು ಇವತ್ತು ಬೆಳಗಿನ ಜಾವ ಹೋಗಿದ್ದ. ಪಕ್ಕದಲ್ಲಿ ಹೆಂಡತಿ ಯಮನಮ್ಮ. ಅಂಜಿನಯ್ಯ ಹಾರ ಹಾಕುವಾಗ ಅವಳು “ಬಂದ್ರಾ” ಅಂದಿದ್ದಳು, ಅಷ್ಟೇ. ಅವನಿಗೆ ರೊಟ್ಟಿ ಬಡಿದು ಹಾಕಿದ ಕೈ. ‘ಬಂದ್ಯಾ’ ಅನ್ನುತ್ತಿದ್ದ ಬಾಯಲ್ಲಿ ‘ಬಂದ್ರಾ’ ಬಂದದ್ದು ಅವನ ಎದೆಯಲ್ಲಿ ಮುಳ್ಳಿನಂತೆ ನಿಂತಿತ್ತು.

*

ಆಗ ಇಬ್ಬರೂ ಕಂಪ್ಲಿಯ ಅಕ್ಕಿ ಗಿರಣಿಯೊಂದರ ಲಾರಿಯ ಮೇಲಿದ್ದರು. ಪಾಲಪ್ಪ ಹಿರಿಯ ಡ್ರೈವರ್. ಅಂಜಿನಯ್ಯ ಕ್ಲೀನರಾಗಿ ಹತ್ತಿ, ಅವನ ಕೈಕೆಳಗೇ ಸ್ಟೇರಿಂಗ್ ಹಿಡಿದವನು. ಯಮನಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಇಬ್ಬರೂ ಲಾರಿಯ ನೆರಳಲ್ಲಿ ಬಿಚ್ಚುತ್ತಿದ್ದರು. ಅಕ್ಕಿ ಇಲ್ಲದ ದಿನ ಸಂಡೂರು ಗುಡ್ಡದಿಂದ ತೋರಣಗಲ್ಲಿಗೆ ಅದಿರು ಹೊಡೆಯುತ್ತಿದ್ದರು. ಆಗ ಅದಕ್ಕೆ ಅಂಥ ಬೆಲೆಯೇನೂ ಇರಲಿಲ್ಲ. ಮಣ್ಣು ಅಂದರೆ ಮಣ್ಣು.

ಎರಡು ಸಾವಿರದ ಎರಡರಲ್ಲಿ ಗಿರಣಿಯ ಧಣಿ ಲಾರಿ ಮಾರಲು ಹೊರಟ. ಪಾಲಪ್ಪನನ್ನು ಕರೆದು, “ಇಷ್ಟು ವರ್ಷ ದುಡಿದಿ. ನೀನಾ ಇಟ್ಕೋ, ನಿಧಾನಕ್ಕ ತೀರಿಸು” ಅಂದ.

ಪಾಲಪ್ಪ ಲಾರಿಯನ್ನೊಮ್ಮೆ ನೋಡಿದ. ಟವೆಲಿನಿಂದ ಮುಖ ಒರೆಸಿಕೊಂಡ. “ನನಗ ಬ್ಯಾಡ್ರಿ ಧಣೇರ. ಅಂಜಿನಿಗೆ ಕೊಡ್ರಿ. ಅವಗ ಮೂರು ಮಕ್ಳು.”

ಅಂಜಿನಯ್ಯ ಅಲ್ಲೇ ಅವನ ಕಾಲು ಹಿಡಿದುಬಿಟ್ಟ. “ಈ ಋಣ ಹೆಂಗ ತೀರಿಸ್ಲಿ ಅಣ್ಣ?”

ಪಾಲಪ್ಪ ಕೆಂಡ ತುಳಿದವನ ಹಾಗೆ ಕಾಲು ಹಿಂದಕ್ಕೆಳೆದುಕೊಂಡ. “ಏಳಲೇ. ಋಣ ಗಿಣ ಏನಿಲ್ಲ.”

ಮರುವರ್ಷವೇ ಮಣ್ಣಿಗೆ ಬಂಗಾರದ ಬೆಲೆ ಬಂತು. ಚೀನಾದವರಿಗೆ ಎಷ್ಟಿದ್ದರೂ ಸಾಲದು ಅಂದರು. ಲಾರಿ ಇದ್ದವನೇ ರಾಜ. ಅಂಜಿನಯ್ಯನ ಒಂದು ಲಾರಿ ಮೂರಾಯಿತು, ಐದು ವರ್ಷ ತುಂಬುವಷ್ಟರಲ್ಲಿ ಹನ್ನೊಂದಾಯಿತು. ಗ್ರಾನೈಟಿನ ಮನೆ ಎದ್ದಿತು. ಪಾಲಪ್ಪ ಸ್ಟೇರಿಂಗ್ ಬಿಟ್ಟು ರಸ್ತೆ ಬದಿಗೆ ಪಂಚರ್ ಅಂಗಡಿ ಇಟ್ಟುಕೊಂಡ.

ಮೊದಮೊದಲು ಅಂಜಿನಯ್ಯ ತಾನೇ ಟೈರು ತರುತ್ತಿದ್ದ, ಅಲ್ಲೇ ಕೂತು ಚಾ ಕುಡಿಯುತ್ತಿದ್ದ. “ಒಂದು ಲಾರಿ ನೀ ತಗೋ ಅಣ್ಣ” ಎಂದು ಎಷ್ಟೋ ಸಲ ಅಂದ. “ನನಗ್ಯಾಕಲೇ ಅದು” ಎಂದು ಪಾಲಪ್ಪ ನಕ್ಕುಬಿಡುತ್ತಿದ್ದ. ಆ ನಗು ನೋಡಿ ಬಂದ ದಿನ ಅಂಜಿನಯ್ಯ ತನ್ನ ಮನೆಯ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಇವೆಲ್ಲ ಅವನದು, ನಾನು ಉಣ್ಣುತ್ತಿದ್ದೇನೆ ಅನ್ನಿಸುತ್ತಿತ್ತು. ಬರಬರುತ್ತ ಟೈರಿನ ಜೊತೆ ಡ್ರೈವರುಗಳನ್ನು ಕಳಿಸಿದ. ಕಾರು ಕೊಂಡ ಮೇಲೆ ಗಾಜಿಗೆ ಕಪ್ಪು ಹಾಳೆ ಅಂಟಿಸಿದ.

ದಿನಾ ಸಂಜೆ ಅವನ ಕಾರು ಹಾದುಹೋಗುವಾಗ ಪಾಲಪ್ಪ ಅಂಗಡಿಯ ಮುಂದೆ ನಿಂತು ಬಲಗೈ ಎತ್ತುತ್ತಿದ್ದ. ಆ ಕೈ ಏನು ಕೇಳುತ್ತಿದೆ ಎಂದು ಅಂಜಿನಯ್ಯನಿಗೆ ತಿಳಿಯುತ್ತಿರಲಿಲ್ಲ. ತಿಳಿಯುವುದೂ ಬೇಡವಾಗಿತ್ತು. ಮೊಬೈಲಿನೊಳಗೆ ಮುಖ ತೂರಿಸುತ್ತಿದ್ದ.

*

ಮಧ್ಯಾಹ್ನ ಹೆಣ ಎತ್ತಿದರು. ಸುಡುಗಾಡು ಸಂಡೂರು ರಸ್ತೆಯ ಆಚೆಗಿತ್ತು. ರಸ್ತೆಯ ಉದ್ದಕ್ಕೂ ಅದಿರಿನ ಲಾರಿಗಳು ಒಂದರ ಬಾಲಕ್ಕೊಂದು ಮೂತಿ ಹಚ್ಚಿ ಹೋಗುತ್ತಿದ್ದವು. ಹಲಗೆಯವರು ಎಷ್ಟು ಬಡಿದರೂ ಒಂದೂ ನಿಲ್ಲಲಿಲ್ಲ. ಚಟ್ಟ ಹೊತ್ತವರು ಹೆಗಲು ಬದಲಿಸಿ ಬದಲಿಸಿ ದಂಡೆಯಲ್ಲೇ ನಿಂತರು. ಧೂಳಿಗೆ ಹೆಂಗಸರು ಸೆರಗು ಮುಚ್ಚಿಕೊಂಡರು.

“ಬದುಕಿದ್ದಾಗಂತೂ ದಾರಿ ಬಿಡ್ಲಿಲ್ಲ ಸೂಳೇಮಕ್ಳು,” ಮುದುಕಪ್ಪ ಬೈದ.

ಹಿಂದೆ ನಡೆಯುತ್ತಿದ್ದ ಅಂಜಿನಯ್ಯ ಗುಂಪು ಸರಿಸಿ ಮುಂದೆ ಬಂದು ರಸ್ತೆಯ ನಡುವೆ ನಿಂತ. ಒಂದು ಲಾರಿ ಮೊಣಕಾಲಿಗೆ ತಾಗುವ ಹಾಗೆ ಬಂದು ಕಿರ್ರೆಂದು ನಿಂತಿತು. ಬೈಯಲು ತಲೆ ಹೊರಗೆ ಹಾಕಿದ ಡ್ರೈವರ್ ಅವನನ್ನು ಕಂಡು ಬಾಯಿ ಮುಚ್ಚಿ ಕೆಳಗೆ ಹಾರಿದ. ಅಂಜಿನಯ್ಯನದೇ ಲಾರಿ.

“ಸಾರ್, ಕಾಣ್ಲಿಲ್ರಿ. ಎರಡನೇ ಟ್ರಿಪ್ ಲೇಟಾದ್ರ ನೀವಾ ಬೈತೀರಂತ...”

“ಎಂಜಿನ್ ಬಂದ್ ಮಾಡು.”

ಹಿಂದಿನವು ಹಾರನ್ ಹೊಡೆಯುತ್ತಲೇ ಒಂದೊಂದಾಗಿ ನಿಂತವು. ಚಟ್ಟ ರಸ್ತೆ ದಾಟಿತು. “ಸಾವ್ಕಾರ್ರು ಇದ್ದದ್ದಕ್ಕ ಆತು ನೋಡ್ರಿ” ಎಂದು ಯಾರೋ ಅಂದರು. ಹೊರಲಿಕ್ಕೆ ಮಾತ್ರ ಯಾರೂ ಕರೆಯಲಿಲ್ಲ. ಕುಣಿಯ ಹತ್ತಿರ ಎಲ್ಲರ ಹಾಗೆ ಮೂರು ಹಿಡಿ ಮಣ್ಣು ಹಾಕಿದ. ಕಾಲುವೆಯಲ್ಲಿ ಎಲ್ಲರೂ ಉಟ್ಟ ಬಟ್ಟೆಯಲ್ಲೇ ಮುಳುಗುಹಾಕಿದರು. ಅವನೂ ಹಾಕಿದ. ನೀರಿನಲ್ಲೂ ಅವನ ಸುತ್ತ ಒಂದು ಮಾರು ಜಾಗ ಖಾಲಿ ಇತ್ತು.

ಮನೆಗೆ ಬಂದು, ಹಚ್ಚಿಟ್ಟ ದೀಪ ನೋಡಿ ಜನ ಚದುರಿದರು. ಅಂಜಿನಯ್ಯ ಒದ್ದೆ ಬಟ್ಟೆಯಲ್ಲೇ ಹೊಸ್ತಿಲ ಬಳಿ ನೆಲಕ್ಕೆ ಕೂತ. ಕುರ್ಚಿ ತರಲು ಈಗ ಯಾರೂ ಇರಲಿಲ್ಲ.

“ಯಕ್ಕ, ಅಣ್ಣನ ಋಣ ನನ್ನ ಮ್ಯಾಲ ಹಂಗಾ ಉಳೀತು. ಆ ಲಾರಿ ಅವ ಇಟ್ಕೊಂಡಿದ್ರ ನನ್ನ ಮನಿ ಇವತ್ತು ನಿಮ್ಮದಾಗಿರ್ತಿತ್ತು.”

ಯಮನಮ್ಮ ದೀಪದಿಂದ ಕಣ್ಣು ಕಿತ್ತು ಅವನನ್ನು ನೋಡಿದಳು.

“ಯಾವ ಋಣರಿ? ಅವ್ರು ನಿಮಗ ಹೇಳಾ ಇಲ್ಲೇನು?”

“ಏನಂತ?”

“ಅವ್ರಿಗೆ ಲಾರಿ ಅಂದ್ರ ಅಂಜಿಕಿ ಹೊಕ್ಕಿತ್ತು. ಮಾರೋಕ ನಾಕು ತಿಂಗಳ ಮುಂಚೆ ಸಂಡೂರು ಗುಡ್ಡ ಇಳಿಯೂವಾಗ ಬ್ರೇಕ್ ಹೋಗಿತ್ತು. ಮಟಮಟ ಮಧ್ಯಾಹ್ನ. ನೀನು ಹಿಂದಿನ ಸೀಟಿನ್ಯಾಗ ಮಲಗಿದ್ದಿ. ಗುಡ್ಡಕ್ಕ ಲಾರಿ ತಿಕ್ಕಿಸ್ಕೊಂತ ಹೆಂಗೋ ನಿಂದ್ರಿಸಿದ್ರಂತ. ನಿನಗ ಎಚ್ಚರಾನೂ ಆಗ್ಲಿಲ್ಲಂತ.”

ತನಗರಿವಿಲ್ಲದೆ ಅವಳು ‘ನೀನು’ ಅನ್ನತೊಡಗಿದ್ದಳು.

ಅಂಜಿನಯ್ಯನಿಗೆ ನೆನಪಾಯಿತು. ಎದ್ದು ನೋಡಿದರೆ ಲಾರಿ ಬದಿಗೆ ನಿಂತಿತ್ತು. ಪಾಲಪ್ಪ ಗಿಡದ ಕೆಳಗೆ ಕೂತಿದ್ದ, ಅಂಗಿ ಹಿಂಡಿದರೆ ನೀರು ಸುರಿಯುವ ಹಾಗಿತ್ತು. ‘ಭಾಳ ಸೆಕಿ’ ಅಂದಿದ್ದ.

“ಬ್ರೇಕ್ ಏನೋ ಸರಿ ಮಾಡಿಸಿದ್ರು. ಅವ್ರು ಸರಿ ಆಗ್ಲಿಲ್ಲ. ‘ಅವನ ಮೂರು ಮಕ್ಳು ಬೀದಿಗೆ ಬೀಳ್ತಿದ್ವು’ ಅಂತ ಅದೊಂದಾ ಮಾತು. ಡ್ರೈವರ್ ಆದಾವ ಅಂಜಿದೆ ಅಂದ್ರ ಯಾರು ಕೆಲಸ ಕೊಡ್ತಾರ? ಬಾಯಿ ಮುಚ್ಕೊಂಡು ಓಡಿಸಿದ್ರು. ಧಣೇರು ಲಾರಿ ಇಟ್ಕೋ ಅಂದಾಗ ಉಸುರು ನಿಂತಂಗಾಗಿತ್ತಂತ. ನೀನು ತಗೊಂಡಿ ನೋಡು, ಅವತ್ತು ಬಂದು ಹೊತ್ತು ಏರೋತನ ನಿದ್ದಿ ಮಾಡಿದ್ರು. ‘ಅಂಜಿನಿ ನನ್ನ ಪೀಡಾ ತನ್ನ ತಲಿ ಮ್ಯಾಲ ಹೊತ್ಕೊಂಡ್ ಹೋದ’ ಅಂದ್ರು. ಸಾಯೋತನ ಅದನ್ನಾ ಅಂದ್ರು.”

ಹೊರಗೆ ಲಾರಿಗಳ ಸದ್ದಿಗೆ ತಗಡು ನಡುಗುತ್ತಿತ್ತು.

“ದಿನಾ ನಿನ್ನ ಕಾರ್ ಹೋಗೂವಾಗ ಕೈ ಎತ್ತತಿದ್ರು. ‘ಅವಗ ಕಾಣತೈತೇನು, ಸುಮ್ನ ಯಾಕ?’ ಅಂತಿದ್ದೆ ನಾನು. ‘ಕಾಣ್ಲಿ ಬಿಡ್ಲಿ, ಶರಣು ಅನ್ನಬೇಕಾದಾವ ನಾನಲ್ಲೇನು’ ಅಂತಿದ್ರು.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿನಗ ಕಾಣ್ತಿತ್ತೇನು?”

ಅಂಜಿನಯ್ಯ ದೀಪದ ಕಡೆ ನೋಡಿದ.

“ಇಲ್ಲ ಯಕ್ಕ. ಗ್ಲಾಸ್ ಕಪ್ಪಿದ್ವು. ಕಾಣ್ತಿದ್ದಿಲ್ಲ.”

“ನಾನೂ ಹಂಗಾ ಅನ್ಕೊಂಡಿದ್ದೆ,” ಎಂದು ಯಮನಮ್ಮ ಸಮಾಧಾನದ ಉಸಿರು ಬಿಟ್ಟಳು. “ಕಂಡಿದ್ರ ನೀನು ನಿಲ್ಲಸ್ತಿದ್ದಿ.”

ಸಾವಿನ ಮನೆಯಲ್ಲಿ ‘ಬರ್ತೀನಿ’ ಅನ್ನಬಾರದು. ಅವನು ಸುಮ್ಮನೆ ಎದ್ದ.

ಡ್ರೈವರನ ಕೈಲಿ ಕಾರನ್ನು ತನ್ನ ಲಾರಿಗಳು ನಿಲ್ಲುವ ಯಾರ್ಡಿಗೆ ಕಳಿಸಿ, ರಸ್ತೆಯ ದಂಡೆ ಹಿಡಿದು ನಡೆದ. ನಡೆದು ಎಷ್ಟು ವರ್ಷವಾಗಿತ್ತೋ, ಚಪ್ಪಲಿ ಕಚ್ಚತೊಡಗಿ ಕೈಯಲ್ಲಿ ಹಿಡಿದುಕೊಂಡ. ಲಾರಿಗಳು ಮೈಮೇಲೆ ಬಂದಂತೆ ಬಂದು ಹೋಗುತ್ತಿದ್ದವು. ಹಸಿ ಬಟ್ಟೆಗೆ ಧೂಳು ಮೆತ್ತಿ ಕೆಸರಾಯಿತು, ಕೂದಲಿಗೆ, ಹುಬ್ಬಿಗೆ ಅಂಟಿತು. ಎದುರಾದ ಯಾರೂ ನಮಸ್ಕಾರ ಅನ್ನಲಿಲ್ಲ. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಮಹಡಿಯಲ್ಲಿ ಟೀವಿ ಹಾಡುತ್ತಿತ್ತು. ಅವನು ಗೇಟಿನ ಸರಳು ಹಿಡಿದು ನಿಂತ.

ಒಳಗಿನಿಂದ ಕಾವಲಿನವನು ಎದ್ದು ಬಂದ. ಮೆಟ್ರಿ ಊರಿನ ಕಡೆಯವನು, ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿರಲಿಲ್ಲ. ಕಪ್ಪು ಗಾಜಿನ ಕಾರಿಗೆ ಗೇಟು ತೆರೆದದ್ದಷ್ಟೇ, ಒಳಗಿನ ಮುಖ ಕಂಡಿರಲಿಲ್ಲ.

“ಯಾರ್ ಬೇಕಿತ್ತಪ?”

ಅಂಜಿನಯ್ಯ ತಲೆ ಎತ್ತಿ ಮಹಡಿಯ ಕಡೆ ನೋಡಿದ.

“ಸಾವ್ಕಾರ್ರು ಮನ್ಯಾಗಿಲ್ಲ. ಯಾರೋ ತೀರ್ಕೊಂಡಾರಂತ, ಮಣ್ಣಿಗೆ ಹೋಗ್ಯಾರ.” ಕಾವಲಿನವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದನಿ ತುಸು ಇಳಿಸಿದ. “ಅವ್ರು ಬರೋತನ ಬೇಕಾದ್ರ ಆ ಕಟ್ಟಿ ಮ್ಯಾಲ ಕುಂದ್ರು.”

ಅಂಜಿನಯ್ಯ ಸರಳು ಬಿಟ್ಟ. ಹೋಗಿ ಗೇಟಿನ ಆಚೆಗಿದ್ದ ಕಟ್ಟೆಯ ಮೇಲೆ, ಚಪ್ಪಲಿಯನ್ನು ಪಕ್ಕಕ್ಕಿಟ್ಟುಕೊಂಡು, ಕೂತ.