ನಡುಮಟ್ಟದ ಗೆರೆ

ನಮ್ಮ ಮನೆಯ ಗೋಡೆಗೆ ನಡುಮಟ್ಟದಲ್ಲಿ ಸುತ್ತಲೂ ಒಂದು ಗೆರೆ ಇತ್ತು. ಗೆರೆ ಎಂದರೆ ಬಣ್ಣದಲ್ಲಿ ಎಳೆದದ್ದಲ್ಲ, ಬೆರಳು ದಪ್ಪ ಉಬ್ಬಿ ನಿಂತ ಏಣು. ಹೊಳೆ ನೀರು ಮನೆಗೆ ನುಗ್ಗಿದ ವರ್ಷ ನಮ್ಮ ಯಜಮಾನರು ಸಣ್ಣಸ್ವಾಮಿ ತಮ್ಮ ಕೈಯಾರೆ ಮಾಡಿಟ್ಟ ಘನಂದಾರಿ ಕೆಲಸ ಅದು.

ಕುಶಾಲನಗರದಲ್ಲಿ ಹೊಳೆ ಬದಿಗೆ ಸೈಟು ಕೊಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಆಗಸ್ಟಿನಲ್ಲಿ ಕಾವೇರಮ್ಮ ಹೇಳದೆ ಕೇಳದೆ ಒಳಗೆ ಬಂದಳು, ಸೊಂಟದ ಮಟ್ಟಕ್ಕೆ ನಿಂತಳು, ಹೋಗುವಾಗ ಗೋಡೆಯ ಬಣ್ಣ ಕೆಡಿಸಿ ಹೋದಳು. ನೀರು ಮುಟ್ಟಿದಲ್ಲೆಲ್ಲ ಬಣ್ಣ ಹಪ್ಪಳದ ಹಾಗೆ ಉಬ್ಬಿ, ಕೈಯಿಟ್ಟರೆ ಉದುರುತ್ತಿತ್ತು. ಸುತ್ತಮುತ್ತ ಎಲ್ಲರ ಮನೆಯೂ ಹಾಗೇ ಆಗಿದ್ದರಿಂದ ಪೇಂಟರುಗಳು ಕೈಗೇ ಸಿಗುತ್ತಿರಲಿಲ್ಲ. “ನಾನೇ ಮಾಡ್ತೀನಿ, ಅದೇನು ಬ್ರಹ್ಮವಿದ್ಯೆನಾ?” ಎಂದು ಇವರು ಪಂಚೆ ಎತ್ತಿ ಕಟ್ಟಿದರು.

ಶುಂಠಿ ಬೆಳೆಯುವ ಮನುಷ್ಯ. ಹೊಲದಲ್ಲಿ ಮಣ್ಣು ಏರಿಸಿ ಮಡಿ ಮಾಡುವ ಹಾಗೆಯೇ ಗೋಡೆಯನ್ನೂ ಮಾಡಿದರು. ಗೋಡೆ ಇನ್ನೂ ಹಸಿಯಿರುವಾಗಲೇ ಸಿಪ್ಪೆ ಕೆರೆದು, ಗೋಡೆಗೆ ಬಳಿಯುವ ಪುಟ್ಟಿಗೆ ಸಿಮೆಂಟು ಕಲಸಿ, ಕೆಳಗಿಂದ ದಪ್ಪಗೆ ಮೆತ್ತುತ್ತ ಬಂದು, ನೀರು ನಿಂತ ಮಟ್ಟಕ್ಕೆ ಸರಿಯಾಗಿ ನಿಲ್ಲಿಸಿಬಿಟ್ಟರು. ಮೇಲೆ ಹಳೆಯ ಬಣ್ಣ, ಕೆಳಗೆ ಬೂದು ಮೆತ್ತು, ನಡುವೆ ಈ ಏಣು. ಬಾಗಿಲುಗಳ ಪಕ್ಕದ ಸಂದಿಯಲ್ಲಿ ಕರಣೆ ಆಡಲಿಲ್ಲವಂತೆ, ಅಲ್ಲೆಲ್ಲ ಹೆಬ್ಬೆರಳಿನಿಂದ ಒತ್ತಿದ್ದರು. ಬೆರಳಿನ ಗುಳಿ ಹಾಗೇ ಒಣಗಿ ಕೂತಿತ್ತು.

“ಥೂ! ದನದ ಕೊಟ್ಟಿಗೆನಾದ್ರೂ ಇದಕ್ಕಿಂತ ಲಕ್ಷಣವಾಗಿರುತ್ತೆ” ಎಂದೆ.

“ಒಣಗಲಿ ತಡಿಯೇ. ಮುಂದಿನ ವರ್ಷ ಸಮ ಮಾಡಿಸಿ ಬಣ್ಣ ಹೊಡೆಸ್ತೀನಿ” ಎಂದರು.

ಮುಂದಿನ ವರ್ಷ ಎನ್ನುವುದು ಅವರ ಬಾಯಲ್ಲಿ ಯಾವತ್ತೂ ಮುಂದಿನ ವರ್ಷವೇ ಆಗಿತ್ತು. ಪ್ರತಿ ಮಳೆಗಾಲ ಮುಗಿದಾಗಲೂ ನಾನು ರೇಗುತ್ತಿದ್ದೆ, ಅವರು ನಗುತ್ತಿದ್ದರು. ಅಷ್ಟರಲ್ಲಿ ಆ ಗೆರೆಗೆ ಬೇರೊಬ್ಬರು ವಾರಸುದಾರರಾದರು.

ನನ್ನ ಅತ್ತೆ ಕಾಮಾಕ್ಷಮ್ಮನವರಿಗೆ ನೀರು ಬಂದ ಮಾರನೆಯ ವರ್ಷದಿಂದ ಕಣ್ಣು ಮಂಜಾಗತೊಡಗಿತು. ಮಡಿಕೇರಿಗೆ ಕರೆದುಕೊಂಡು ಹೋದೆವು, ಮೈಸೂರಿಗೂ ಹೋದೆವು. ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ನಿಗೂ ಬಗ್ಗುವುದಲ್ಲ ಎಂದರು ಡಾಕ್ಟರು. ಎರಡು ವರ್ಷದಲ್ಲಿ ಪೂರ್ತಿ ಕತ್ತಲೆಯಾಯಿತು. ಆದರೆ ಆಕೆಯೇನು ಮೂಲೆ ಸೇರುವ ಹೆಂಗಸೇ? ಹಾಸನದ ಕಡೆಯಿಂದ ಗಂಡನ ಜೊತೆ ಬಂದು, ಕುರುಚಲು ಕಡಿದು, ಗದ್ದೆ ಮಾಡಿದ ಜೀವ. ನಾನು ಕೈ ಹಿಡಿಯಲು ಹೋದರೆ ಕೊಡವಿಬಿಡುತ್ತಿದ್ದರು.

“ಬುಡು ಅತ್ಲಾಗೆ! ನನ್ ಮನೇಲಿ ನನ್ನ ನಡೆಸಾಕೆ ನೀನ್ಯಾರು? ನನ್ ಮಗ ಗ್ವಾಡೆ ಮ್ಯಾಲೆ ದಾರಿ ಮಾಡವ್ನೆ.”

ನಿಜವೇ. ಎಡಗೈಯನ್ನು ಆ ಏಣಿನ ಮೇಲಿಟ್ಟುಕೊಂಡು ಸರಸರ ನಡೆಯುತ್ತಿದ್ದರು. ಹೆಬ್ಬೆರಳು ಗುಳಿಗೆ ಬಿದ್ದರೆ ಬಾಗಿಲು ಬಂತೆಂದು ಲೆಕ್ಕ. ಯಾವ ಗುಳಿ ಅಡುಗೆಮನೆಯದು, ಯಾವುದು ಬಚ್ಚಲುಮನೆಯದು ಎನ್ನುವುದು ಅವರ ಬೆರಳಿಗೆ ಗೊತ್ತಿತ್ತು. ಸ್ನಾನ, ಬಚ್ಚಲು, ಊಟದ ತಟ್ಟೆ ತೊಳೆಯುವುದು, ಜಗುಲಿಗೆ ಹೋಗಿ ಬಿಸಿಲು ಕಾಯುವುದು ಎಲ್ಲ ಒಬ್ಬರೇ. ಅವರ ಕೈಯ ಜಿಡ್ಡು ತಗುಲಿ ಗೆರೆ ಕಪ್ಪಗೆ ಹೊಳೆಯುತ್ತಿತ್ತು. ಅದಕ್ಕೂ ನಾನು ಬೈಯುತ್ತಿದ್ದೆ. ನನ್ನ ಬಾಯಿ ಅಂಥದ್ದು, ಏನು ಮಾಡಲಿ.

ಹೋದ ಫೆಬ್ರವರಿಯಲ್ಲಿ ಇವರು ಶುಂಠಿ ಹೊಲದಲ್ಲಿ ಎದೆ ಹಿಡಿದುಕೊಂಡು ಕೂತರು. ಆಟೋ ಆಸ್ಪತ್ರೆಯ ಗೇಟು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಗಳು ದಿವ್ಯಶ್ರೀಗೆ ಪಿರಿಯಾಪಟ್ಟಣದ ಕಡೆಯ ಹುಡುಗನ ಜೊತೆ ಮಾತು ಆಗಲೇ ಅರ್ಧ ಆಗಿತ್ತು. ನಮ್ಮ ಜನದಲ್ಲಿ ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಮದುವೆ ಮಾಡಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು. ಅಳುವುದಕ್ಕೂ ಪುರುಸೊತ್ತಿಲ್ಲದ ಹಾಗೆ ಮಾಡುವ ಶಾಸ್ತ್ರ. ದೀಪಾವಳಿ ಕಳೆದ ಮೇಲೆ ನಮ್ಮ ಮನೆಯಲ್ಲೇ ನಿಶ್ಚಿತಾರ್ಥದ ವೀಳ್ಯಶಾಸ್ತ್ರ ಎಂದು ಹಿರಿಯರು ಗೊತ್ತುಮಾಡಿದರು. ಬೀಗರು ಬಂದು ಹಾಲ್‌ನಲ್ಲಿ ಜಮಖಾನೆ ಮೇಲೆ ಕೂರಬೇಕು, ಬೆನ್ನಿಗೆ ಈ ಗೋಡೆ! ಈ ಸಲದ ಮಳೆಗೆ ಇವರ ಮೆತ್ತೂ ಅಲ್ಲಲ್ಲಿ ಉಪ್ಪು ಬಿಟ್ಟು ಉದುರತೊಡಗಿತ್ತು. ಅಪ್ಪನಿಲ್ಲದ ಮನೆ ಹೀಗೇ ಎಂದು ಯಾರೂ ಅನ್ನಬಾರದು ಎನ್ನುವುದು ನನ್ನ ಹಟ.

ಪೇಂಟರ್ ಕೀರ್ತಿಕುಮಾರ್ ಬಂದು ಗೋಡೆಯನ್ನು ಬೆರಳಲ್ಲಿ ಕುಟ್ಟಿ ನೋಡಿದ. “ಅಕ್ಕ, ಇದರ ಮೇಲೇ ಬಳಿದ್ರೆ ಇನ್ನೊಂದು ಮಳೆಗೆ ಮತ್ತೆ ಸಿಪ್ಪೆ ಏಳುತ್ತೆ. ಈ ಮೆತ್ತೆಲ್ಲ ಕಿತ್ತು, ಒಣಗಿಸಿ, ಪ್ರೈಮರ್ ಹೊಡೆದು ಹೊಸ ಪುಟ್ಟಿ ಎಳೀಬೇಕು. ಯಾರಕ್ಕ ಈ ಕೆಲಸ ಮಾಡಿದ್ದು?”

“ಪುಣ್ಯಾತ್ಮರು. ನೀನು ನಿನ್ನ ಕೆಲಸ ನೋಡು” ಎಂದೆ.

ಮಂಚದ ಮೇಲೆ ಕೂತಿದ್ದ ಅತ್ತೆ ಕತ್ತು ಇತ್ತ ತಿರುಗಿಸಿದರು. “ನಡುಮಟ್ಟದ ಗೆರೆನೂ ಕೀಳ್ತೀಯೇನಪ್ಪ?”

“ಅದೇ ಮೊದಲು ಹೋಗೋದು ಅಜ್ಜಿ. ಕೈ ಆಡಿಸಿದ್ರೆ ಗಾಜಿನ ಥರ ಆಗಬೇಕು.”

ಅತ್ತೆಯ ಕೈ ಪಕ್ಕದ ಗೋಡೆಯ ಏಣಿನ ಮೇಲೆ ಹೋಯಿತು. ನನಗೆ ತಡೆಯಲಿಲ್ಲ. “ಮತ್ತೇನು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಇಟ್ಕೊಳ್ಳೋಣ್ವಾ? ಇಷ್ಟು ವರ್ಷ ಓಡಾಡಿದ ಮನೆ ಅತ್ತೆ, ನಿಮಗೇನು ಗೊತ್ತಾಗಲ್ವಾ? ಗೊತ್ತಾಗದಿದ್ರೆ ನಾನಿಲ್ವಾ?”

“ಕೀಳ್ಸವ್ವ” ಎಂದರು. “ಮಗೀನ ಮದ್ವೆ ದೊಡ್ದು. ಗ್ವಾಡೆ ಚೆಂದಾಗಿರ್ಲಿ.”

ಕೆಲಸ ಶುರುವಾಗುವ ದಿನ ಬೆಳಿಗ್ಗೆ ಅತ್ತೆ ಎದ್ದು ಗೋಡೆ ಹಿಡಿದು ಹೊರಟವರು ಮಂಚಕ್ಕೆ ವಾಪಸು ಬರಲೇ ಇಲ್ಲ. ಹಾಲ್ ಸುತ್ತಿದರು, ನಡುಮನೆ ಸುತ್ತಿದರು, ಅಡುಗೆಮನೆಯ ಬಾಗಿಲಲ್ಲಿ ಹೆಬ್ಬೆರಳು ಗುಳಿಯೊಳಗಿಟ್ಟು ನಿಂತರು. ಅಲ್ಲಿಂದ ಬಚ್ಚಲುಮನೆಯ ಬಾಗಿಲಿಗೆ ಹೋಗಿ ಅಲ್ಲೂ ಹಾಗೇ ನಿಂತರು. ನಾನು ಪಾತ್ರೆ ಸಾಗಿಸುವ ಗಡಿಬಿಡಿಯಲ್ಲಿದ್ದೆ. “ಇದೇನು ಅತ್ತೆ, ಇವತ್ತು ಪ್ರದಕ್ಷಿಣೆ?” ಎಂದು ಕುಟುಕಿದೆ.

“ಹೂಂ ಕಣವ್ವ, ಅಂಗೇ ಅನ್ಕೋ” ಎಂದರು.

ಧೂಳು ಬೇಡವೆಂದು ಅವರನ್ನು ಕೆಲಸ ಮುಗಿಯುವವರೆಗೆ ಪಕ್ಕದ ಬೋಜಮ್ಮನವರ ಮನೆಯಲ್ಲಿ ಬಿಟ್ಟೆ. ಕೀರ್ತಿಕುಮಾರ್ ಉಳಿ ಹಿಡಿದು ಮೆತ್ತು ಎಬ್ಬಿಸಿದ. ಅಂಗೈಯಗಲದ ಚಕ್ಕೆಗಳಾಗಿ ಬಿತ್ತು. ಗುಡಿಸಿ ಗೋಣಿಚೀಲಕ್ಕೆ ತುಂಬಿ ರಸ್ತೆ ಗುಂಡಿಗೆ ಸುರಿದದ್ದು ನಾನೇ. ಅದರಲ್ಲಿ ಹೆಬ್ಬೆರಳಿನ ಗುಳಿಯಿದ್ದ ಚಕ್ಕೆಗಳೂ ಇದ್ದಿರಬೇಕು. ನಾನು ನೋಡಲಿಲ್ಲ. ಶನಿ ಬಿಟ್ಟಿತು ಎಂದುಕೊಂಡೆ.

ವೀಳ್ಯದ ಹಿಂದಿನ ಸಂಜೆ ಗೋಡೆಗಳು ಹಾಲುಬಣ್ಣದಲ್ಲಿ ಬೆಳಗುತ್ತಿದ್ದವು. ನಿಜ ಹೇಳುತ್ತೇನೆ, ಖುಷಿಯಾಯಿತು. ಇವರಿದ್ದಿದ್ದರೆ ಎಂದೂ ಅನ್ನಿಸಿತು. ಅತ್ತೆಯನ್ನು ಕರೆತಂದು ಮಂಚದ ಮೇಲೆ ಕೂರಿಸಿದೆ. ಅವರು ಗೋಡೆಗೆ ಅಂಗೈ ಇಟ್ಟು ಅತ್ತಿತ್ತ ಸವರಿ, “ತಣ್ಣಗೈತೆ” ಎಂದರು. ಅಷ್ಟೇ.

ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕೇಸರಿಬಾತಿಗೆ ರವೆ ಹುರಿಯುತ್ತಿದ್ದೆ. ದಿವ್ಯ ತಲೆಗೆ ನೀರು ಹಾಕಿಕೊಂಡು ಹಿತ್ತಲಲ್ಲಿ ಕೂದಲು ಒಣಗಿಸುತ್ತಿದ್ದಳು. ರವೆಯ ಬಾಣಲೆ ಇಳಿಸಿ ಹೊರಗೆ ಬಂದರೆ ಅತ್ತೆ ಹಾಲ್‌ನ ಆಚೆ ತುದಿಯಲ್ಲಿ ಗೋಡೆಗೆ ಎರಡೂ ಕೈ ಊರಿ ನಿಂತಿದ್ದರು. ಅಲ್ಲಿ ಬಾಗಿಲಿಲ್ಲ, ಕಿಟಕಿಯೂ ಇಲ್ಲ. ಕೈ ಮೇಲೆ ಸವರುತ್ತಿತ್ತು, ಕೆಳಗೆ ಸವರುತ್ತಿತ್ತು, ಎಲ್ಲೂ ಏನೂ ಸಿಗುತ್ತಿರಲಿಲ್ಲ. ಬಚ್ಚಲುಮನೆ ಅವರ ಹಿಂದೆ ಉಳಿದುಬಿಟ್ಟಿತ್ತು. ಸೀರೆಯ ನೆರಿಗೆ ಒದ್ದೆಯಾಗಿತ್ತು. ಕಾಲ ಕೆಳಗೆ ನೆಲವೂ ಒದ್ದೆ.

“ಅತ್ತೆ” ಎಂದೆ.

ಅವರು ತಿರುಗಲಿಲ್ಲ. “ಯಾರವ್ವ? ನೀನೇಯಾ?”

“ನಾನೇ.”

“ಇದು ಯಾರ್ ಮನೆ ಕಣವ್ವ? ಆವಾಗ್ನಿಂದ ನಡೀತಾ ಇವ್ನಿ, ಬಾಗ್ಲೇ ಸಿಗಾಕಿಲ್ಲ.” ಧ್ವನಿ ಸಣ್ಣದಾಗಿತ್ತು. ಆಮೇಲೆ ಇನ್ನೂ ಮೆಲ್ಲಗೆ, “ಮಗಿಗೆ ಹೇಳ್ಬ್ಯಾಡ” ಎಂದರು.

ಅಯ್ಯೋ ನನ್ನ ಕರ್ಮವೇ! ಹೊಲದಲ್ಲಿ ಗಂಡಸರ ಸಮ ಗುದ್ದಲಿ ಹಿಡಿದ ಹೆಂಗಸು, ಒಂದು ದಿನ ನನ್ನಿಂದ ಒಂದು ಚೊಂಬು ನೀರು ಹೊಯ್ಯಿಸಿಕೊಳ್ಳದ ಹೆಂಗಸು. ಅವತ್ತು ಬಚ್ಚಲಲ್ಲಿ ಕೂರಿಸಿ ನೀರು ಹಾಕಿದೆ. ಬಾಯಿ ತೆರೆದರೆ ನಾನೇ ಅತ್ತುಬಿಡುತ್ತಿದ್ದೆ, ಸುಮ್ಮನೆ ಹಾಕಿದೆ. ಅವರೂ ಸುಮ್ಮನೆ ಹಾಕಿಸಿಕೊಂಡರು. ಅದನ್ನೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಬೇರೆ ಸೀರೆ ಉಡಿಸಿ ಮಂಚಕ್ಕೆ ಬಿಟ್ಟು ಹಿತ್ತಲಿಗೆ ಓಡಿದೆ. ಕೀರ್ತಿಕುಮಾರ್ ಬಿಟ್ಟುಹೋದ ಡಬ್ಬಿಯಲ್ಲಿ ಒಂದಿಷ್ಟು ಪುಟ್ಟಿ ಪುಡಿ ಉಳಿದಿತ್ತು. ನೀರು ಬೆರೆಸಿ ಗಟ್ಟಿಗೆ ಕಲಸಿದೆ. ಬಚ್ಚಲುಮನೆಯ ಬಾಗಿಲ ಪಕ್ಕ, ಅದೇ ನಡುಮಟ್ಟದಲ್ಲಿ, ಆ ಹೊಸ ಬಣ್ಣದ ಮೇಲೆ ಒಂದು ಮುದ್ದೆ ಮೆತ್ತಿ ಹೆಬ್ಬೆರಳಿನಿಂದ ಒತ್ತಿದೆ. ಬೀಗರು ಬರುವ ಹೊತ್ತು. ಬರಲಿ, ಏನಾದರೂ ಅಂದುಕೊಳ್ಳಲಿ. ಇವರು ಮಾಡಿದ್ದಕ್ಕಿಂತ ಅಸಹ್ಯವಾಗಿ ಕಂಡಿತು.

ಅದು ಸ್ವಲ್ಪ ಬಿಗಿಯುವವರೆಗೆ ಕಾದು ಅತ್ತೆಯನ್ನು ಕರೆತಂದೆ. “ನೋಡಿ ಅತ್ತೆ, ಬಾಗಿಲು ಇಲ್ಲಿದೆ. ಎಲ್ಲಾ ಬಾಗಿಲಿಗೂ ಹೀಗೇ ಮಾಡ್ತೀನಿ. ಗೆರೆನೂ ಎಳೆಸ್ತೀನಿ, ಬೇಕಾದ್ರೆ ಆ ಕೀರ್ತಿಕುಮಾರನ್ನೇ ಕರೆಸ್ತೀನಿ” ಎನ್ನುತ್ತ ಅವರ ಹೆಬ್ಬೆರಳನ್ನು ಗುಳಿಯ ಮೇಲಿಟ್ಟೆ.

ಬೆರಳು ಅಲ್ಲಿ ಸ್ವಲ್ಪ ಹೊತ್ತು ಆಡಿತು. ಗುಳಿಯ ಅಂಚು ಸವರಿತು, ಒಳಗೆ ಇಳಿಯಲು ನೋಡಿತು. ಇಳಿಯಲಿಲ್ಲ.

“ಇದು ನಿಂದು” ಎಂದರು. “ಸಣ್ಣ ಬೆಳ್ಳು. ಅವಂದು ಅಗಲ. ನನ್ ಬೆಳ್ಳು ಅದ್ರೊಳಗೆ ಪೂರ್ತಿ ಕೂತ್ಕತಿತ್ತು.”

ನಾನು ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟೆ. ಇವರು ಹೋದ ದಿನ ಜನರ ಮುಂದೆ ಅತ್ತಿದ್ದೆ, ಅದು ಬೇರೆ. ಗೋಣಿಚೀಲದಲ್ಲಿ ಹೊತ್ತು ರಸ್ತೆ ಗುಂಡಿಗೆ ಸುರಿದು ಬಂದದ್ದು ಏನೆಂದು ಈಗ ತಿಳಿಯಿತು. ಈ ಮುದುಕಿ ದಿನಾ ಬೆಳಿಗ್ಗೆ ಎದ್ದು ಮಗನ ಬೆರಳು ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದರು, ಬೆರಳು ಹಿಡಿದುಕೊಂಡು ಊಟಕ್ಕೆ ಬರುತ್ತಿದ್ದರು. ನಮಗೆಲ್ಲ ಫೆಬ್ರವರಿಯಲ್ಲಿ ಹೋದ ಮನುಷ್ಯ ಅವರಿಗೆ ಹೋದದ್ದು ಈ ವಾರ.

“ಅಳ್ಬ್ಯಾಡ ಕಣೇ” ಎಂದರು ಅತ್ತೆ. ಸೆರಗಿನ ತುದಿಯಿಂದ ನನ್ನ ಮುದ್ದೆಯನ್ನು ತಾವೇ ಒರೆಸತೊಡಗಿದರು. ಇನ್ನೂ ಒಣಗಿರಲಿಲ್ಲವಾದ್ದರಿಂದ ಅದು ಕಿತ್ತು ಬಂತು. “ಚೆಂದಿರೋ ಗ್ವಾಡೆ ಕೆಡಿಸ್ಬ್ಯಾಡ. ಬೀಗ್ರು ಬರೋ ಹೊತ್ತು.”

“ಮತ್ತೆ ನೀವು ಹೆಂಗೆ ಓಡಾಡ್ತೀರಿ ಅತ್ತೆ?”

ಅವರು ಪುಟ್ಟಿಯಾದ ಸೆರಗು ಮಡಚಿ ಸಿಕ್ಕಿಸಿಕೊಂಡರು. ಆಮೇಲೆ ಎಡಗೈಯನ್ನು, ಇಷ್ಟು ವರ್ಷ ಗೋಡೆಯ ಮೇಲಿದ್ದ ಆ ಕೈಯನ್ನು, ಗಾಳಿಯಲ್ಲಿ ನನ್ನ ಕಡೆ ಚಾಚಿದರು.

“ಕೈ ಕೊಡು” ಎಂದರು.

ಕೊಟ್ಟೆ. ಕೊಡವಲಿಲ್ಲ.

ಹತ್ತೂವರೆಗೆ ಬೀಗರು ಬಂದರು. ಹುಡುಗನ ಸೋದರಮಾವ ಜಮಖಾನೆಯ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟು, “ಮನೆ ಭಾಳ ಚೆನ್ನಾಗಿ ಇಟ್ಕೊಂಡಿದ್ದೀರಮ್ಮ, ಗೋಡೆ ಕನ್ನಡಿ ಇದ್ದಂಗೈತೆ” ಎಂದರು. ತಾಂಬೂಲ ಬದಲಾಯಿತು. ದಿವ್ಯ ಬಂದು ಅಜ್ಜಿಯ ಕಾಲಿಗೆ ಬಿದ್ದಳು. ಅತ್ತೆ ಬಲಗೈ ಎತ್ತಿ ಅವಳ ತಲೆಯ ಮೇಲಿಟ್ಟರು. ಎಡಗೈ ನನ್ನ ಕೈಯಲ್ಲೇ ಇತ್ತು.

ಅಂದಿನಿಂದ ನನ್ನ ಅತ್ತೆ ಒಬ್ಬರೇ ನಡೆದದ್ದಿಲ್ಲ. ಬಚ್ಚಲಿಗೆ ಹೋಗಬೇಕಾದಾಗ ಮಂಚದ ಮೇಲೆ ಕೂತು ನಾನು ಬರುವವರೆಗೂ ಕಾಯುತ್ತಾರೆ. ಕರೆಯುವುದೂ ಇಲ್ಲ. ನಾನೇ ಹೊತ್ತು ನೋಡಿಕೊಂಡು ಹೋಗಿ ಕೈ ಕೊಡುತ್ತೇನೆ. ಅವರು ನನ್ನ ಕೈಯಲ್ಲಿ ಮೊದಲು ಹೆಬ್ಬೆರಳು ಹುಡುಕುತ್ತಾರೆ, ಸವರಿ ನೋಡುತ್ತಾರೆ, ಆಮೇಲೆ ಏಳುತ್ತಾರೆ.