ಸೊನ್ನೆಗೊಂದು ಗೂಡು

ಬೆಂಗಳೂರಿನ ಕಂಪ್ಯೂಟರು ಅಚ್ಚು ಮಾಡಿಕೊಟ್ಟ ಉದ್ದನೆಯ ಕಾಗದವನ್ನು ಚೂಡಾಮಣಿ ಮಂಡ್ಯದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಬಿಡಿಸಿಟ್ಟಳು. ತಾಲ್ಲೂಕಿನಲ್ಲಿ ಯಾವ ಮನೆಗೆ ಎಷ್ಟು ಮಕ್ಕಳು ಎಂದು ಸರ್ಕಾರಕ್ಕಾಗಿ ಅವಳೇ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆ. ಯಂತ್ರ ಓದಲೆಂದು ಮನೆಗೊಂದು ತೂತು ಕೊರೆದ ಕಾರ್ಡು, ಕಾಗದದಲ್ಲಿ ಮನೆಗೊಂದು ನಕ್ಷತ್ರದ ಗುರುತು. ಒಂದು ಮಗುವಿನ ಸಾಲಿನಲ್ಲಿ ಕೆಲವು, ಎರಡರ ಸಾಲಿನಲ್ಲಿ ಇನ್ನಷ್ಟು, ನಾಲ್ಕರ ಸಾಲು ಎಲ್ಲಕ್ಕಿಂತ ಉದ್ದ. ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾನು ಬರೆದ ಪ್ರೋಗ್ರಾಂ ಇಷ್ಟು ಚೆಂದದ ಚಿತ್ರ ಬಿಡಿಸೀತೆಂದು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಅವಳು ಎಣಿಸಿರಲಿಲ್ಲ.

ಆದರೆ ಕೂಡಿ ನೋಡಿದರೆ ನಕ್ಷತ್ರಗಳು ಕಾರ್ಡುಗಳಿಗಿಂತ ಕಡಿಮೆ.

ಎಣಿಕೆಯ ಗೂಡುಗಳನ್ನು ಅವಳು ಒಂದರಿಂದ ಶುರುಮಾಡಿದ್ದಳು. ಯಾವ ಗೂಡಿಗೂ ಸೇರದ ಅಂಕಿಯನ್ನು ಬಿಟ್ಟು ಮುಂದೆ ಹೋಗು ಎಂದಿದ್ದಳು. ಖಾಲಿ ಕಾರ್ಡನ್ನು ಯಂತ್ರ ಸೊನ್ನೆ ಎಂದೇ ಓದುತ್ತದೆ. ಸೊನ್ನೆಗೆ ಗೂಡಿಲ್ಲ. ಮಕ್ಕಳಿಲ್ಲದ ಹೆಂಗಸರೆಲ್ಲ, ಬೀಗ ಹಾಕಿದ್ದ ಮನೆಗಳ ಜೊತೆಯಲ್ಲೇ, ಸದ್ದಿಲ್ಲದೆ ಉದುರಿಹೋಗಿದ್ದರು.

ಆ ಹೆಂಗಸರ ಕಾರ್ಡುಗಳನ್ನು ಖಾಲಿ ಬಿಟ್ಟವಳೂ ಅವಳೇ. ನೀರು, ಬೆಲ್ಲ ತಂದಿಟ್ಟು ಎದುರಿಗೆ ಕೂತ ಹೆಂಗಸಿನ ಹೆಸರಿನ ಮುಂದೆ ಸೊನ್ನೆ ಬರೆಯಲು ಯಾರಿಗೆ ಕೈ ಬರುತ್ತದೆ? ಸಮೀಕ್ಷೆ ಅವಳ ಬೀದಿಗೂ ಬಂದಿತ್ತು. ತನ್ನ ಮನೆಯದನ್ನೂ ಹಾಗೆಯೇ ಬಿಟ್ಟಿದ್ದಳು.

“ಬಿಡೀಮ್ಮ,” ಎಂದರು ವಿಭಾಗದ ಹಿರಿಯರಾದ ಯೋಗಾನರಸಿಂಹ. “ಇಲ್ಲದ್ದನ್ನ ಎಣಿಸಿ ಏನು ಮಾಡ್ತೀರಿ? ಇರೋದು ಸರಿಯಾಗಿದೆ, ಕಳಿಸಿಬಿಡಿ.”

“ಅವರೂ ಇದ್ದಾರಲ್ಲ ಸಾರ್.”

“ಇದ್ದಾರೆ. ನಿಮ್ಮ ಕಾಗದದಲ್ಲಿ ಜಾಗ ಕೊಡಿ ಅಂತ ಅರ್ಜಿ ಹಾಕಿದಾರಾ?” ನಗುತ್ತಾ ಕಾಫಿಗೆ ಹೊರಟರು.

ಪ್ರತಿ ಅಂಕಿಗೂ ಒಂದು ಕೂಡಿಸಿಕೊಂಡರೆ ಸೊನ್ನೆಗೆ ಮೊದಲ ಗೂಡು ಸಿಕ್ಕುತ್ತದೆ. ಅದು ಒಂದು ಸಾಲಿನ ಕೆಲಸ. ಆದರೆ ಯಾವುದು ಬೀಗದ ಮನೆ, ಯಾವುದು ಮಕ್ಕಳಿಲ್ಲದ ಮನೆ ಎಂದು ಯಂತ್ರಕ್ಕೆ ತಿಳಿಯದು. ಗಮಕ ಓದುವವರು ಉಸಿರಿಗೆಂದು ನಿಲ್ಲಿಸಿದರೂ ಪದ ಮರೆತು ನಿಲ್ಲಿಸಿದರೂ ಕೇಳುವವರಿಗೆ ಅದು ಒಂದೇ ಮೌನ. ಬೀಗದವನ್ನು ತೆಗೆದಿಟ್ಟು ಉಳಿದ ಕಾರ್ಡುಗಳಿಗೆ ಸೊನ್ನೆಯನ್ನೇ ಒತ್ತಬೇಕು. ಅದಕ್ಕೆ ಆ ಹೆಂಗಸರು ಒಪ್ಪಬೇಕು.

ಒಬ್ಬೊಬ್ಬರನ್ನೇ ಕೇಳುತ್ತಾ ಬಂದಳು. ಬರೆದುಕೊಳ್ಳಬೇಡಿ ಎಂದು ಮೊದಲೇ ಬೇಡಿಕೊಂಡಿದ್ದ ಬಸರಾಳಿನ ಹೊಂಬಾಳಮ್ಮ ಜಗುಲಿಯಲ್ಲಿ ರಾಗಿ ಕೇರುತ್ತಿದ್ದಳು.

“ಅವತ್ತೇ ಕೈ ಮುಗ್ದಿದ್ನಲ್ಲ ಅಮ್ಮಾರೆ. ಊರೋರು ಆಡ್ಕಳದು ಸಾಲ್ದು ಅಂತ ಸರ್ಕಾರ್ದೋರೂ ಆಡ್ಕಬೇಕಾ?”

“ಹೆಸರಿರಲ್ಲ ಹೊಂಬಾಳಮ್ಮ. ಬರೀ ಒಂದು ನಕ್ಷತ್ರ.”

“ಎಸ್ರೇ ಇಲ್ದಿದ್ಮೇಲೆ ನಾನಿದ್ರೇನು, ಬುಟ್ರೇನು?” ಮೊರ ಕೆಳಗಿಟ್ಟಳು. “ಅದಿರ್ಲಿ, ನಿಮ್ಗೆಷ್ಟು ಮಕ್ಳು?”

ಉತ್ತರ ತರಗತಿಯಲ್ಲಿ ಅವಳು ದಿನವೂ ಆಡುವ ಪದವೇ. ಆದರೆ ಗಂಡ ತೀರಿಕೊಂಡ ಮೇಲೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಒಂಟಿ ಮನೆಯಲ್ಲಿ ಕೇಳುವವರಾದರೂ ಯಾರು?

“ಸೊನ್ನೆ,” ಎಂದಳು.

ಹೊಂಬಾಳಮ್ಮ ಅವಳನ್ನೇ ನೋಡಿದಳು. ಮತ್ತೆ ಮೊರ ಎತ್ತಿಕೊಂಡಳು. “ಅಂಗಾದ್ರೆ ನಂದೂ ಹಾಕ್ಕಳಿ. ನಿಮ್ದ್ರ ಪಕ್ಕಕ್ಕೇ ಒತ್ತಿ ಇಡಿ. ಒಬ್ಬೊಬ್ರೇ ನಿಂತ್ಕಳಕಾಯ್ತದಾ ಅಲ್ಲಿ?”

ಬೆಂಗಳೂರಿನಲ್ಲಿ ಕಾರ್ಡು ಕೊರೆಯುವ ಯಂತ್ರದ ಮುಂದೆ ಕೂತು ಒಂದೊಂದಕ್ಕೂ ಸೊನ್ನೆ ಒತ್ತಿದಳು. ತನ್ನದನ್ನು ಕೊನೆಗೆ ಒತ್ತಿ, ಹೊಂಬಾಳಮ್ಮನ ಕಾರ್ಡಿನ ಹಿಂದೆಯೇ ಇಟ್ಟು ರಬ್ಬರ್ ಬ್ಯಾಂಡ್ ಹಾಕಿದಳು.

ಹೊಸ ಕಾಗದದಲ್ಲಿ ಒಂದು ಮಗುವಿನ ಸಾಲಿಗಿಂತ ಮೇಲೆ, ಮೊದಲಿಗೇ, ಸೊನ್ನೆಯದೊಂದು ಸಾಲಿತ್ತು. ವಾಪಸು ಬರುವ ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿಟ್ಟು ಹುಡುಕಿದಳು. ಎಲ್ಲವೂ ಒಂದೇ ಥರದ ನಕ್ಷತ್ರ. ತಾನು ಯಾವುದು, ಹೊಂಬಾಳಮ್ಮ ಯಾವುದು, ತಿಳಿಯಲಿಲ್ಲ.

ಮದ್ದೂರಿನಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬಾಕೆ ಹತ್ತಿದಳು. “ಏನವ್ವ ಅದು, ರಂಗೋಲಿನಾ?”

“ಲೆಕ್ಕ.”

“ಲೆಕ್ಕನಾ! ಒಸಿ ಮಡಿಸ್ಕಳಿ, ಮಗ ಕೂತ್ಕತದೆ.”

ಮೊದಲ ಸಾಲು ಒಳಕ್ಕೆ ಹೋಗದಂತೆ ಕಾಗದವನ್ನು ಮಡಿಸಿಕೊಂಡು ಚೂಡಾಮಣಿ ಕಿಟಕಿಯ ಕಡೆಗೆ ಸರಿದಳು.